ಬಿಳುಪಿಗಿಂತ ಮೊದಲು ಜಿಡ್ಡು

ಬೆಂಗಳೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಪ್ರಯೋಗಾಲಯ ಸಹಾಯಕಿ. 2014ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತರಗತಿಗಳಲ್ಲಿ ಪ್ರಾಣಿಗಳ ಛೇದನಕ್ಕೆ ತಡೆ ಹಾಕಿದ ಮೇಲೆ ಕಪಾಟಿನಲ್ಲಿ ದೂಳು ತಿನ್ನುತ್ತಿದ್ದ ಎಲುಬುಗಳಿಗೆ ಬೆಲೆ ಬಂತು. ಕುರಿ, ಮೇಕೆ, ಹಂದಿಗಳ ತಲೆಬುರುಡೆ ಸಿದ್ಧಪಡಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಈಗ ಮನೆಯ ಗೋಡೆಗೆ ಟಗರಿನ ಬುರುಡೆ ತೂಗುಹಾಕಬೇಕೆನ್ನುವ ಹುಡುಗರೂ, ಚಿತ್ರ ಬರೆಯುವವರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಬೆಳ್ಳಗೆ ಮಾಡೋದು ಹೇಗೆ ಮೇಡಂ?" ಮೊದಲ ವರ್ಷ ನಾನೂ ಇದೇ ಪ್ರಶ್ನೆಯಿಂದ ಕೆಲಸ ಆರಂಭಿಸಿ ಕೆಟ್ಟೆ.

ಆಗ ತಪಾಸಣೆಯ ಸಮಿತಿ ಬರಲು ನಾಲ್ಕು ದಿನ ಉಳಿದಿತ್ತು. ಟಗರಿನ ತಲೆಯೊಂದನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ ಮೂರು ಗಂಟೆ ಕುದಿಸಿ, ಮಾಂಸ ಕಿತ್ತು, ನೆಲ ಒರೆಸಲು ತರಿಸಿದ್ದ ಬ್ಲೀಚ್ ದ್ರಾವಣದಲ್ಲಿ ಎರಡು ರಾತ್ರಿ ಮುಳುಗಿಸಿಟ್ಟೆ. ಬುರುಡೆ ಹಾಲಿನಂತೆ ಬೆಳ್ಳಗಾಯಿತು, ಸಮಿತಿಯವರು ಮೆಚ್ಚಿದರು. ಮಳೆಗಾಲ ಕಳೆಯುವಷ್ಟರಲ್ಲಿ ಹಣೆಯ ಮೇಲೆ ಹಳದಿ ಕಲೆಗಳು ಎದ್ದವು, ಕೋಡಿನ ಬುಡದಿಂದ ಹಳಸಿದ ತುಪ್ಪದಂಥ ವಾಸನೆ ಬರತೊಡಗಿತು. ಮರುವರ್ಷ ಮೂಗಿನ ಎಲುಬನ್ನು ಮುಟ್ಟಿದರೆ ಬೆರಳಿಗೆ ಸುಣ್ಣದಂತೆ ಪುಡಿ ಅಂಟುತ್ತಿತ್ತು. ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಅಟೆಂಡರ್ ಅದನ್ನು ತಿರುಗಿಸಿ ನೋಡಿ, "ಬೆಳ್ಳಗೇನೋ ಆಗಿದೆ ಕಣಮ್ಮಾ, ಆದ್ರೆ ಎಲುಬೇ ಉಳಿದಿಲ್ವಲ್ಲ" ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎಲುಬಿಗೆ ಗಡಸುತನ ಕೊಡುವುದು ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜವಾದರೆ, ಅದು ಪುಡಿಯಾಗದಂತೆ ಹಿಡಿದಿಡುವುದು ಕೊಲಾಜೆನ್ ಎಂಬ ಪ್ರೋಟೀನಿನ ನೂಲು. ಜೋರಾಗಿ ಕುದಿಸಿದರೆ ಆ ಕೊಲಾಜೆನ್ ಕಾಲು ಸೂಪಿನಲ್ಲಿ ಆಗುವಂತೆಯೇ ಅಂಟಾಗಿ ನೀರಿಗೆ ಬಿಡುತ್ತದೆ, ಕರಗಿದ ಕೊಬ್ಬು ಎಲುಬಿನ ರಂಧ್ರಗಳ ಒಳಕ್ಕೆ ಇಳಿಯುತ್ತದೆ, ಹಲ್ಲುಗಳು ಸೀಳು ಬಿಡುತ್ತವೆ. ಉಳಿದ ಕೊಲಾಜೆನನ್ನು ಬ್ಲೀಚು ತಿನ್ನುತ್ತದೆ, ಸರಿಯಾಗಿ ತೊಳೆಯದಿದ್ದರೆ ಹೊರತೆಗೆದ ಮೇಲೂ ತಿನ್ನುತ್ತಲೇ ಇರುತ್ತದೆ.

ಈಗ ನನ್ನ ಕೆಲಸ ಮಾಂಸದ ಅಂಗಡಿಯಲ್ಲೇ ಶುರುವಾಗುತ್ತದೆ. ನಮ್ಮೂರಿನಲ್ಲಿ ತಲೆಕಾಲು ಕೇಳಿದರೆ ಅಂಗಡಿಯವರು ಕೂದಲು ಹೋಗುವಂತೆ ಸುಟ್ಟು, ಮೆದುಳಿಗಾಗಿ ತಲೆಯನ್ನು ಸೀಳಿಯೇ ಕೊಡುತ್ತಾರೆ. ಆದ್ದರಿಂದ "ಸುಡಬೇಡಿ, ಸೀಳಬೇಡಿ, ಚರ್ಮ ಮಾತ್ರ ಸುಲಿದುಕೊಡಿ" ಎಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತ ಗಿರಾಕಿಗಳು ಒಂದು ಥರ ನೋಡುತ್ತಾರೆ, ನೋಡಲಿ. ಕೈಗೆ ಸಿಗುವಷ್ಟು ಮಾಂಸವನ್ನು ಚಾಕುವಿನಿಂದ ತೆಗೆದು, ಹಿಂಬದಿಯ ದೊಡ್ಡ ರಂಧ್ರದಿಂದ ಮೆದುಳನ್ನು ತಂತಿ ಮತ್ತು ನೀರಿನ ಧಾರೆಯಿಂದ ಹೊರಹಾಕಿ, ತಲೆಯನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ಮುಳುಗಿಸುತ್ತೇನೆ. ಉಳಿದ ಮಾಂಸವನ್ನು ಕರಗಿಸುವುದು ಬ್ಯಾಕ್ಟೀರಿಯಾಗಳ ಕೆಲಸ. ರಾತ್ರಿ 15–16 ಡಿಗ್ರಿಗೆ ಇಳಿಯುವ ನಮ್ಮ ಡಿಸೆಂಬರ್ ಚಳಿಯಲ್ಲಿ ಅವು ಮಂದವಾಗುವುದರಿಂದ, ಮೀನಿನ ತೊಟ್ಟಿಗೆ ಹಾಕುವ ಹೀಟರಿನಿಂದ ನೀರನ್ನು 32 ಡಿಗ್ರಿಯ ಸುಮಾರಿಗೆ ಇಡುತ್ತೇನೆ. ಎರಡು ಮೂರು ವಾರ ಬೇಕು. ವಾಸನೆಯ ಬಗ್ಗೆ ವಿವರಿಸುವುದಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮಾಡಿದರೆ ಅಸೋಸಿಯೇಷನ್ನಿನವರೇ ವಿವರಿಸುತ್ತಾರೆ. ನೀರು ಚೆಲ್ಲುವಾಗ ಕೈಗವಸು ಬೇಕು, ಜರಡಿಯೂ ಬೇಕು. ಮೇಕೆ, ಕುರಿಗಳಿಗೆ ಮೇಲಿನ ಮುಂಬಲ್ಲುಗಳಿಲ್ಲ. ಕೆಳಗಿನ ಎಂಟು ಸಡಿಲವಾಗಿ ಉದುರಿ ಚರಂಡಿ ಸೇರುತ್ತವೆ. ಕೆಳದವಡೆ ಎರಡು ಹೋಳಾದರೆ ಗಾಬರಿಪಡಬೇಕಾಗಿಲ್ಲ, ಈ ಪ್ರಾಣಿಗಳಲ್ಲಿ ಅದರ ನಡುವಿನ ಕೀಲು ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಕೋಡಿನ ಹೊರಕವಚ ನಮ್ಮ ಉಗುರಿನಂತೆಯೇ ಕೆರಾಟಿನ್; ಕಳಚಿ ಬಂದದ್ದನ್ನು ತೊಳೆದು ಪ್ರತ್ಯೇಕ ಒಣಗಿಸಿ ಕೊನೆಗೆ ತೊಡಿಸಬೇಕು.

ಇಲ್ಲಿಗೆ ಬುರುಡೆ ಸ್ವಚ್ಛವಾದಂತೆ ಕಾಣುತ್ತದೆ, ಜನ ಎಡವುವುದೂ ಇಲ್ಲಿಯೇ. ಎಲುಬಿನೊಳಗೆ ಜಿಡ್ಡು ಇನ್ನೂ ಇರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಬುರುಡೆಯನ್ನು ಇಟ್ಟರೆ ಎರಡು ಮೂರು ದಿನಗಳಲ್ಲಿ ನೀರು ಮಬ್ಬಾಗಿ ಮೇಲೆ ಕೆನೆಯಂತೆ ಕೊಬ್ಬು ತೇಲುತ್ತದೆ. ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಕಾಯಬೇಕು. ಮೇಕೆಗೆ ನನಗೆ ಸಾಮಾನ್ಯವಾಗಿ ಒಂದು ತಿಂಗಳು ಹಿಡಿದಿದೆ, ಹಂದಿಗೆ ಐದು ತಿಂಗಳು ಹಿಡಿದದ್ದೂ ಉಂಟು. ನೀರು ತಿಳಿಯಾಯಿತೆಂದು ತೋರಿದಾಗ ತೆಗೆದು ನೆರಳಿನಲ್ಲಿ ವಾರವಿಡೀ ಒಣಗಿಸುತ್ತೇನೆ. ಒದ್ದೆ ಎಲುಬು ಸುಳ್ಳು ಹೇಳುತ್ತದೆ. ಒಣಗಿದ ಮೇಲೂ ಎಣ್ಣೆ ಬಿದ್ದ ಕಾಗದದಂತೆ ಅರೆಪಾರದರ್ಶಕ ಮಚ್ಚೆಗಳು ಕಂಡರೆ ಬುರುಡೆ ಪುನಃ ಬಕೆಟ್ಟಿಗೆ ಹೋಗುತ್ತದೆ.

ಬಿಳುಪಿನ ಕೆಲಸ ಇಷ್ಟೆಲ್ಲ ಆದ ಮೇಲೆ ಎರಡು ದಿನದ್ದು. ಔಷಧದ ಅಂಗಡಿಯ ಶೇಕಡ 6ರ ಹೈಡ್ರೋಜನ್ ಪೆರಾಕ್ಸೈಡಿಗೆ ಸಮಪ್ರಮಾಣದ ನೀರು ಬೆರೆಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸಿದರೆ ಸಾಕು. ಅದು ಒಡೆದು ನೀರೂ ಆಮ್ಲಜನಕವೂ ಆಗುವುದರಿಂದ ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು. ಪ್ರಯೋಗಾಲಯದ ಶೇಕಡ 30ರದ್ದು ಚರ್ಮವನ್ನು ಸುಡುತ್ತದೆ, ಮನೆಯವರಿಗೆ ಅದು ಬೇಡ. ಎಲುಬಿನ ಸಹಜ ಬಣ್ಣ ತೆಳುಕೆನೆಯದು, ಅಲ್ಲಿಗೇ ನಿಲ್ಲಿಸುವುದು ನನಗಿಷ್ಟ.

ಕಳೆದ ವರ್ಷ ವಿದ್ಯಾರ್ಥಿಯೊಬ್ಬ ರಸ್ತೆಬದಿಯಲ್ಲಿ ಸತ್ತುಬಿದ್ದಿದ್ದ ಪುನುಗುಬೆಕ್ಕಿನ ತಲೆಯನ್ನು ಕವರಿನಲ್ಲಿ ಸುತ್ತಿ ತಂದ. "ನಾನೇನು ಕೊಂದಿಲ್ಲ ಮೇಡಂ" ಎಂಬುದು ಅವನ ವಾದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಅಂಥ ಪ್ರಾಣಿ ಸತ್ತು ಸಿಕ್ಕರೂ ಸರ್ಕಾರದ ಸೊತ್ತು, ಕೈಗೆ ಬಂದ 48 ಗಂಟೆಗಳೊಳಗೆ ತಿಳಿಸಬೇಕು. 2023ರಲ್ಲಿ ಹುಲಿಯುಗುರಿನ ಪದಕಗಳಿಂದಾಗಿ ಬೆಂಗಳೂರಿನಲ್ಲಿ ಎದ್ದ ಗಲಾಟೆಯನ್ನು ನೆನಪಿಸಿ, ಅವತ್ತೇ ಅರಣ್ಯ ಇಲಾಖೆಗೆ ಫೋನು ಮಾಡಿಸಿದೆ.

ಅದೇ ಹುಡುಗ ಈಗ ಮನೆಯ ಟೆರೇಸಿನಲ್ಲಿ ಮೇಕೆಯ ತಲೆಯೊಂದನ್ನು ಸಿದ್ಧಪಡಿಸುತ್ತಿದ್ದಾನೆ. ಆರನೆಯ ವಾರದಲ್ಲಿ ಬಕೆಟ್ಟಿನ ಫೋಟೋ ಕಳಿಸಿ, "ಪೆರಾಕ್ಸೈಡ್ ಹಾಕ್ಲಾ ಮೇಡಂ?" ಎಂದು ಕೇಳಿದ. ಫೋಟೋವನ್ನು ಹಿಗ್ಗಿಸಿ ನೋಡಿದೆ. ಅಂಚಿನಲ್ಲಿ ಕೆನೆ ಇನ್ನೂ ಕಟ್ಟಿತ್ತು. ನೀರು ಬದಲಾಯಿಸಪ್ಪ ಎಂದೆ.