ಬೈಪಾಸ್ ಆದವರ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆ ಬೈಪಾಸ್ ಮಾಡಿಸಿಕೊಂಡು ಬಂದವರನ್ನು ನೋಡಲು ಹೋದವರು ಚಪ್ಪಲಿ ಕಳಚುವ ಮೊದಲೇ ಕೇಳುವ ಪ್ರಶ್ನೆ 'ಎಷ್ಟು ಬ್ಲಾಕ್ ಇತ್ತು?' ಎಂಬುದು. ಮೂರು ಎಂದರೆ ಒಂದು ಉದ್ಗಾರ, ಐದು ಎಂದರೆ ಇನ್ನೂ ದೊಡ್ಡ ಉದ್ಗಾರ. ನನ್ನ ಭಾವನವರಿಗೆ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಈ ಮಾತುಕತೆಯನ್ನು ಅವರ ಚಾವಡಿಯಲ್ಲಿ ಕೂತು ಸಾಕಷ್ಟು ಕೇಳಿದ್ದೇನೆ. ಆದರೆ ಬ್ಲಾಕ್‌ಗಳ ಸಂಖ್ಯೆಯೊಂದರಿಂದಲೇ ರೋಗಿಯ ಮುಂದಿನ ವರ್ಷಗಳ ಬಗ್ಗೆ ತಿಳಿಯುವುದು ಅಲ್ಪ. ತಡೆ ಇದ್ದದ್ದು ಎಲ್ಲಿ, ಹೃದಯದ ಪಂಪಿಂಗ್ ಎಷ್ಟು ಉಳಿದಿದೆ, ಸಕ್ಕರೆ ಕಾಯಿಲೆ ಇದೆಯೇ, ತಡೆಯ ಆಚೆಗೆ ರಕ್ತ ಒಯ್ಯುವ ಹೊಸ ದಾರಿಗೆ ಯಾವ ರಕ್ತನಾಳವನ್ನು ಬಳಸಿದ್ದಾರೆ ಎಂಬವೇ ಹೆಚ್ಚು ಹೇಳುತ್ತವೆ.

ಈ ಕೊನೆಯ ಪ್ರಶ್ನೆಯನ್ನಂತೂ ಯಾರೂ ಕೇಳುವುದಿಲ್ಲ. ಅರ್ಜೆಂಟೀನಾದ ರೆನೆ ಫವಲೊರೊ ಅವರು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 1967ರಲ್ಲಿ ಕಾಲಿನ ಅಭಿಧಮನಿಯನ್ನು ಬಳಸಿ ಈ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. ಕಾಲಿನ ನಾಳ ಸುಲಭವಾಗಿ, ಬೇಕಾದಷ್ಟು ಉದ್ದಕ್ಕೆ ಸಿಗುತ್ತದೆ. ಆದರೆ ಕಡಿಮೆ ಒತ್ತಡದಲ್ಲಿ ರಕ್ತವನ್ನು ಹೃದಯಕ್ಕೆ ಮರಳಿಸುವುದಕ್ಕಾಗಿ ಇರುವ ಆ ನಾಳವನ್ನು ಮಹಾಪಧಮನಿಯ ಒತ್ತಡಕ್ಕೆ ಒಡ್ಡಿದಾಗ ಅದರ ಗೋಡೆ ದಪ್ಪವಾಗುತ್ತಾ, ಕೊಬ್ಬು ಕಟ್ಟುತ್ತಾ ಹೋಗುತ್ತದೆ. ಹತ್ತು ವರ್ಷಗಳ ಬಳಿಕ ಹೀಗೆ ಜೋಡಿಸಿದ ನಾಳಗಳಲ್ಲಿ, ಅಂದರೆ ಗ್ರಾಫ್ಟ್‌ಗಳಲ್ಲಿ ತೆರೆದಿರುವುದು ಸುಮಾರು ಶೇ. 50ರಿಂದ 60 ಮಾತ್ರ. ಎದೆಗೂಡಿನ ಒಳಗೋಡೆಯಲ್ಲಿ ಇಳಿಯುವ ಎಡ ಅಪಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸಿದರೆ, ಅದೇ ಹತ್ತು ವರ್ಷಗಳ ನಂತರ ಸುಮಾರು ಶೇ. 90 ಮಂದಿಯಲ್ಲಿ ತೆರೆದೇ ಇರುತ್ತದೆ. ವೈದ್ಯರು 'ಲಿಮಾ' ಎನ್ನುವುದು ಇದನ್ನೇ. ಈ ಜೋಡಣೆ ಇದ್ದವರು ಹೆಚ್ಚು ಕಾಲ ಬದುಕುತ್ತಾರೆ ಎಂದು ಅದೇ ಕ್ಲೀವ್‌ಲ್ಯಾಂಡ್‌ನ ವೈದ್ಯರು 1986ರಲ್ಲಿಯೇ ತೋರಿಸಿದ್ದರು.

ಸಕ್ಕರೆ ಕಾಯಿಲೆಯ ಮಾತು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ತಡೆಯಿದ್ದ 1,900 ಮಧುಮೇಹಿಗಳ ಮೇಲೆ ನಡೆದ 'ಫ್ರೀಡಂ' ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಐದು ವರ್ಷಗಳಲ್ಲಿ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರು ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿಕೊಂಡವರಲ್ಲಿ ಶೇ. 26.6, ಬೈಪಾಸ್ ಆದವರಲ್ಲಿ ಶೇ. 18.7. ಪಾರ್ಶ್ವವಾಯು ಒಂದನ್ನೇ ನೋಡಿದರೆ ಮಾತ್ರ ಲೆಕ್ಕ ತಿರುಗುತ್ತದೆ: ಬೈಪಾಸ್‌ನಲ್ಲಿ ಶೇ. 5.2, ಸ್ಟೆಂಟ್‌ನಲ್ಲಿ ಶೇ. 2.4. 'ಎದೆ ಕೊಯ್ಯದೆ ಸ್ಟೆಂಟಲ್ಲೇ ಮುಗಿಸಬಹುದಿತ್ತಲ್ಲ' ಎಂದು ಬಂದವರೆಲ್ಲ ಭಾವನವರಿಗೆ ಹೇಳುವಾಗ ನನಗೆ ಈ ಅಂಕಿಗಳು ನೆನಪಾಗುತ್ತಿದ್ದವು; ಇಪ್ಪತ್ತು ವರ್ಷಗಳಿಂದ ಸಕ್ಕರೆಯ ಮಾತ್ರೆ ನುಂಗುತ್ತಿರುವ ಅವರಿಗೆ ವೈದ್ಯರು ಕೊಟ್ಟ ಸಲಹೆ ಸುಮ್ಮನೆ ಬಂದದ್ದಲ್ಲ.

ಹಾಗೆಂದು ಆಂಜಿಯೋಗ್ರಾಂನಲ್ಲಿ ತಡೆ ಕಂಡ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಲ್ಲ. ನಡೆಯುವಾಗ ಮಾತ್ರ ಎದೆನೋವು ಬರುವ, ಸ್ಥಿರ ಸ್ಥಿತಿಯಲ್ಲಿರುವ, ಎಡ ಮುಖ್ಯ ನಾಳದಲ್ಲಿ ಗಂಭೀರ ತಡೆಯಿಲ್ಲದ ರೋಗಿಗಳಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡುವುದರಿಂದ ಸಾವಿನ ಪ್ರಮಾಣ ತಗ್ಗಲಿಲ್ಲ, ಎದೆನೋವು ತಗ್ಗಿತು ಎಂದು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನ ತಿಳಿಸಿತು.

ಮನೆಗೆ ಬಂದ ಮೇಲಿನ ದಿನಗಳು ಬೇರೆಯೇ ಬಗೆಯವು. ಎದೆಯ ಮಧ್ಯದ ಮೂಳೆಯನ್ನು ಉದ್ದಕ್ಕೆ ಸೀಳಿ ಉಕ್ಕಿನ ತಂತಿಯಿಂದ ಬಿಗಿದಿರುವುದರಿಂದ ಅದು ಕೂಡಿಕೊಳ್ಳಲು ಆರರಿಂದ ಎಂಟು ವಾರ, ಚೆನ್ನಾಗಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕಾಗುತ್ತದೆ. ಭಾವನವರು ಕೆಮ್ಮು ಬಂದಾಗಲೆಲ್ಲ ಪುಟ್ಟ ತಲೆದಿಂಬನ್ನು ಎದೆಗೆ ಅವುಚಿಕೊಳ್ಳುತ್ತಿದ್ದರು. ಮೂರು ಚೆಂಡುಗಳ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರೆಳೆಯುವಾಗ ಎರಡು ಚೆಂಡು ಮೇಲೇರಿ, ಮೂರನೆಯದು ತಳದಲ್ಲೇ ನಡುಗುತ್ತಿತ್ತು. ಕುರ್ಚಿಯ ಕೈಗಳನ್ನು ಊರಿ ಏಳಲು ಹೊರಟರೆ ಅಡುಗೆಮನೆಯಿಂದಲೇ ಅಕ್ಕನ ಕೂಗು: "ಕೈ ಕಟ್ಟಿ ಏಳಿ ಮಾರಾಯ್ರೆ!" ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಸ್ಕೂಟರ್ ಓಡಿಸುವುದು ಎಲ್ಲವೂ ಬಂದ್. ನಾಳ ತೆಗೆದ ಕಾಲಿನ ಊತ ಎದೆಯ ಗಾಯಕ್ಕಿಂತ ಹೆಚ್ಚು ಕಾಡಿತು. ಕಾರಣವಿಲ್ಲದೆ ಕಣ್ಣಲ್ಲಿ ನೀರು ತುಂಬಿಕೊಳ್ಳುವುದನ್ನು ಅವರು ಯಾರಿಗೂ ಹೇಳಲಿಲ್ಲ. ಬೈಪಾಸ್ ಆದವರಲ್ಲಿ ಖಿನ್ನತೆ ಅಪರೂಪವಲ್ಲ, ಅದನ್ನೂ ವೈದ್ಯರಿಗೆ ತಿಳಿಸಬೇಕು.

ಈ ಶಸ್ತ್ರಚಿಕಿತ್ಸೆಯಲ್ಲಿ ಹಳೆಯ ತಡೆಯನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅದರ ಆಚೆಗೆ ರಕ್ತ ತಲುಪುವಂತೆ ಬೇರೆ ದಾರಿ ಮಾಡುತ್ತಾರೆ, ಅಷ್ಟೇ. ನಾಳಗಳಲ್ಲಿ ಕೊಬ್ಬು ಕಟ್ಟುವ ಕಾಯಿಲೆ ಹಾಗೆಯೇ ಉಳಿದಿರುತ್ತದೆ. ಆರು ತಿಂಗಳಾಗುತ್ತಲೇ ಆಸ್ಪಿರಿನ್, ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಬಿಟ್ಟು ಯಾರೋ ಹೇಳಿದ ಕಷಾಯಕ್ಕೆ ಹೊರಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ, ಏಕೆಂದರೆ ಗ್ರಾಫ್ಟ್‌ಗಳು ಮುಚ್ಚದಂತೆ ಕಾಯುವುದರಲ್ಲಿ ಈ ಮಾತ್ರೆಗಳ ಪಾಲು ದೊಡ್ಡದು. ಬಿಡುಗಡೆಯ ವೇಳೆ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಗ್ರಾಫ್ಟನ್ನು ಯಾವ ನಾಳಕ್ಕೆ ಜೋಡಿಸಿದ್ದಾರೆ ಎಂದು ಬರೆದಿರುತ್ತಾರೆ. ಮುಂದೆ ಯಾವಾಗಲಾದರೂ ಮತ್ತೆ ಆಂಜಿಯೋಗ್ರಾಂ ಮಾಡಬೇಕಾಗಿ ಬಂದರೆ, ಅದನ್ನು ಮಾಡುವ ವೈದ್ಯರು ಮೊದಲು ಹುಡುಕುವುದು ಆ ಹಾಳೆಯನ್ನೇ. ಅಕ್ಕ ಅದನ್ನು ಲ್ಯಾಮಿನೇಟ್ ಮಾಡಿಸಿ, ಫೋಟೋ ತೆಗೆದು ಮಕ್ಕಳ ಮೊಬೈಲ್‌ಗೂ ಕಳುಹಿಸಿದ್ದಾಳೆ.