ಬ್ರೇಕ್ ಇಲ್ಲದ ಬೈಕು, ಎದುರಾಳಿಗಳೇ ಬರೆದ ನಿಯಮ

ಗುರುವಾರ ಸಂಜೆ ಇಂಗ್ಲೆಂಡಿನ ಇಪ್ಸ್‌ವಿಚ್‌ನ ಫಾಕ್ಸ್‌ಹಾಲ್ ಮೈದಾನಕ್ಕೆ ಕಾಲಿಟ್ಟರೆ ಎಲ್ಲಕ್ಕಿಂತ ಮೊದಲು ಮೂಗಿಗೆ ಬಡಿಯುವುದು ವಾಸನೆ. ಮೆಥನಾಲ್ ಮತ್ತು ಎಂಜಿನ್ ಆಯಿಲ್ ಸುಟ್ಟ ವಾಸನೆ. ಆಮೇಲೆ ನಾಲ್ಕು ಬೈಕು ಒಟ್ಟಿಗೆ ಚೀರುತ್ತವೆ. ಅಡ್ಡ ಕಟ್ಟಿದ ಟೇಪ್ ಸರ್ರನೆ ಮೇಲೆ ಹೋಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ನಾಲ್ಕು ಸುತ್ತು ಮುಗಿದೇ ಹೋಗುತ್ತದೆ. ನಾನು ಮೊದಲ ಸಲ ನೋಡಿದಾಗ ಯಾರು ಗೆದ್ದರು ಅಂತಲೂ ತಿಳಿಯಲಿಲ್ಲ.

ಇದು ಸ್ಪೀಡ್‌ವೇ. 500 ಸಿಸಿಯ ಒಂಟಿ ಸಿಲಿಂಡರ್ ಬೈಕು, ಒಂದೇ ಗೇರ್, ಬ್ರೇಕ್ ಇಲ್ಲವೇ ಇಲ್ಲ. ಕೆಂಪು ಪುಡಿಗಲ್ಲು ಹಾಸಿದ ಮೊಟ್ಟೆಯಾಕಾರದ ಟ್ರ್ಯಾಕ್. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲಿನ ಉಕ್ಕಿನ ಅಟ್ಟೆಯನ್ನು ನೆಲಕ್ಕೆ ಉಜ್ಜುತ್ತಾ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಈ ಆಟ ಶುರುವಾಗಿದ್ದು 1928ರ ಫೆಬ್ರವರಿ 19ರಂದು, ಲಂಡನ್ ಹೊರವಲಯದ ಹೈ ಬೀಚ್‌ನಲ್ಲಿ ನಡೆದ ರೇಸಿನಿಂದ ಅನ್ನುತ್ತಾರೆ. ಊರಲ್ಲಿದ್ದಾಗ ನಾನು ಇದರ ಹೆಸರೂ ಕೇಳಿರಲಿಲ್ಲ. ನಿಮ್ಮಲ್ಲೂ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆದರೆ ಇವತ್ತು ನಾನು ಹೇಳಬೇಕಿರುವುದು ಬೈಕಿನ ವೇಗದ ಬಗ್ಗೆ ಅಲ್ಲ. ಈ ಆಟವನ್ನು ನಡೆಸುವ ರೀತಿಯ ಬಗ್ಗೆ. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ನನ್ನನ್ನು ಮೊದಲು ಕರೆದುಕೊಂಡು ಹೋದವರು ಪಕ್ಕದ ಮನೆಯ ಅಜ್ಜ. ಹುಡುಗನಾಗಿದ್ದಾಗಿನಿಂದ ನೋಡುತ್ತಿದ್ದಾರೆ. ಗೇಟಿನಲ್ಲಿ ಒಂದು ಪ್ರೋಗ್ರಾಂ ಪುಸ್ತಕ ಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು, ನನಗೂ ಒಂದು ಕೊಟ್ಟರು. "ಬರೆಯದೆ ನೋಡಿದರೆ ನಿನಗೆ ಏನೂ ಅರ್ಥವಾಗುವುದಿಲ್ಲ" ಅಂದರು. ಸುತ್ತ ನೋಡಿದೆ. ಅರ್ಧಕ್ಕರ್ಧ ಜನರ ಕೈಯಲ್ಲಿ ಪೆನ್ಸಿಲ್. ಪ್ರತಿ ರೇಸ್ ಮುಗಿದ ಮೇಲೆ ಎಲ್ಲರೂ ತಲೆ ಬಗ್ಗಿಸಿ ಅಂಕ ಬರೆದುಕೊಳ್ಳುತ್ತಾರೆ.

ಲೆಕ್ಕ ಹೀಗಿದೆ. ತಂಡಕ್ಕೆ ಏಳು ಸವಾರರು. ಒಂದು ರೇಸಿಗೆ 'ಹೀಟ್' ಅನ್ನುತ್ತಾರೆ. ಒಂದು ಹೀಟಿನಲ್ಲಿ ಎರಡು ತಂಡಗಳಿಂದ ಇಬ್ಬಿಬ್ಬರು. ಊರಿನ ತಂಡಕ್ಕೆ ಕೆಂಪು, ನೀಲಿ ಹೆಲ್ಮೆಟ್ ಕವರ್, ಬಂದವರಿಗೆ ಬಿಳಿ, ಹಳದಿ. ಮೊದಲು ಬಂದವರಿಗೆ 3, ಆಮೇಲಿನವರಿಗೆ 2, 1, ಕೊನೆಯವರಿಗೆ ಸೊನ್ನೆ. ಒಟ್ಟು 15 ಹೀಟ್, ಹಂಚುವುದಕ್ಕೆ 90 ಅಂಕ. 46 ಮುಟ್ಟಿದರೆ ಪಂದ್ಯ ನಿಮ್ಮದು. ತನ್ನ ಜೊತೆಗಾರನ ಹಿಂದೆಯೇ ಬಂದ ಸವಾರನಿಗೆ ಒಂದು ಬೋನಸ್ ಅಂಕವೂ ಇದೆ. ಅದು ತಂಡದ ಮೊತ್ತಕ್ಕೆ ಸೇರುವುದಿಲ್ಲ. ಗೆಳೆಯನ ಜೊತೆಗೇ ಗುದ್ದಾಡಿ ಇಬ್ಬರೂ ಬೀಳುವ ಬದಲು, ಅವನ ಬೆನ್ನು ಕಾಯಲಿ ಅಂತ ಇಟ್ಟ ಅಂಕ. ನನಗೆ ಈ ನಿಯಮದ ಮೇಲೆ ಮೊದಲ ದಿನವೇ ಪ್ರೀತಿ ಹುಟ್ಟಿತು.

ಇನ್ನು ಯಾರು ನಡೆಸುತ್ತಾರೆ ಅನ್ನೋದು. ಇಲ್ಲಿ ಕ್ಲಬ್ ಅಂದರೆ ಸದಸ್ಯರ ಸಂಘ ಅಂತ ತಿಳಿಯಬೇಡಿ. ಸ್ವೀಡನ್ನಿನಲ್ಲಿ ಹಾಗಿದೆ, ಅಲ್ಲಿ ಕ್ಲಬ್ಬು ಸದಸ್ಯರದೇ. ಬ್ರಿಟನ್ನಿನಲ್ಲಿ ಕ್ಲಬ್ಬಿಗೊಬ್ಬ 'ಪ್ರಮೋಟರ್' ಇರುತ್ತಾರೆ, ಒಮ್ಮೊಮ್ಮೆ ಇಬ್ಬರು ಮೂವರು ಸೇರಿ. ಹಣ ಹಾಕುವವರು ಅವರು, ಸವಾರರನ್ನು ಆರಿಸುವವರು ಅವರು, ಮಳೆ ಬಂದರೆ ಆಕಾಶ ನೋಡುತ್ತಾ ನಿಲ್ಲುವವರೂ ಅವರೇ. ಎಷ್ಟೋ ಜನ ಹಿಂದೆ ಸವಾರರಾಗಿದ್ದವರು. ನಮ್ಮ ಇಪ್ಸ್‌ವಿಚ್ ವಿಚಸ್ ತಂಡದಲ್ಲೇ ನೋಡಿ. ಜಾನ್ ಲೂಯಿಸ್ 1975ರ ವಿಶ್ವ ಫೈನಲ್‌ನಲ್ಲಿ ಮೂರನೆಯವರಾಗಿ ಬಂದವರು, ಆಮೇಲೆ ಇಲ್ಲಿಯೇ ಪ್ರಮೋಟರ್ ಆದರು. ಅವರ ಮಗ ಕ್ರಿಸ್ ಲೂಯಿಸ್ ಕೂಡ ಇದೇ ಟ್ರ್ಯಾಕಿನಲ್ಲಿ ಓಡಿಸಿ, ಇದೇ ಕ್ಲಬ್ಬಿನ ಪ್ರಮೋಟರ್ ಆದರು.

ಈ ಪ್ರಮೋಟರ್‌ಗಳೆಲ್ಲ ಸೇರಿದ ಕೂಟವೇ ಲೀಗ್ ನಡೆಸುತ್ತದೆ. ಬಹಳ ವರ್ಷ ಅದಕ್ಕೆ ಬ್ರಿಟಿಷ್ ಸ್ಪೀಡ್‌ವೇ ಪ್ರಮೋಟರ್ಸ್ ಅಸೋಸಿಯೇಷನ್ ಅಂತ ಹೆಸರಿತ್ತು, ಈಗ ಅದೊಂದು ಲಿಮಿಟೆಡ್ ಕಂಪನಿ. ಸೀಸನ್ ಮುಗಿದ ಮೇಲೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಇವರ ವಾರ್ಷಿಕ ಸಭೆ. ಮುಂದಿನ ವರ್ಷ ಯಾವ ಲೀಗಿನಲ್ಲಿ ಯಾರು, ತಂಡ ಕಟ್ಟುವ ಮಿತಿ ಎಷ್ಟು, ಬದಲಿ ಸವಾರರ ನಿಯಮ ಏನು, ಎಲ್ಲ ಅಲ್ಲಿಯೇ ತೀರ್ಮಾನ. ವಾರವಾರ ಒಬ್ಬರನ್ನೊಬ್ಬರು ಸೋಲಿಸಲು ನೋಡುವವರೇ ಒಂದೇ ಕೋಣೆಯಲ್ಲಿ ಕೂತು ತಮ್ಮೆಲ್ಲರ ಕೈ ಕಟ್ಟುವ ನಿಯಮ ಬರೆಯುತ್ತಾರೆ.

ಹಾಗಂತ ಎಲ್ಲವೂ ಅವರ ಕೈಯಲ್ಲಿಲ್ಲ. ಸ್ಪೀಡ್‌ವೇ ಕಂಟ್ರೋಲ್ ಬ್ಯೂರೋ ಅಂತ ಇನ್ನೊಂದು ಸಂಸ್ಥೆ ಇದೆ. ಬ್ರಿಟನ್ನಿನ ಮೋಟರ್‌ಸೈಕಲ್ ಕ್ರೀಡೆಗಳನ್ನು ನೋಡಿಕೊಳ್ಳುವ ಆಟೋ-ಸೈಕಲ್ ಯೂನಿಯನ್ ಅದರ ಬೆನ್ನಿಗಿದೆ. ಆ ಯೂನಿಯನ್ನಿನ ಬೇರು 1903ರಷ್ಟು ಹಳೆಯದು. ಅದಕ್ಕೂ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂ. ಟ್ರ್ಯಾಕಿಗೆ, ಸವಾರರಿಗೆ, ಅಧಿಕಾರಿಗಳಿಗೆ ಲೈಸೆನ್ಸ್ ಕೊಡುವುದು, ತಪ್ಪು ಮಾಡಿದವರನ್ನು ವಿಚಾರಿಸುವುದು, ಪಂದ್ಯಕ್ಕೆ ರೆಫರಿ ಕಳಿಸುವುದು ಬ್ಯೂರೋದ ಕೆಲಸ. ರೆಫರಿ ಕೆಂಪು ದೀಪ ಒತ್ತಿದರೆ ಪ್ರಮೋಟರ್ ಎಷ್ಟು ಕೂಗಿದರೂ ರೇಸ್ ನಿಲ್ಲಲೇಬೇಕು. ಇದು ಸರಿ ಅಂತ ನನ್ನ ಅಭಿಪ್ರಾಯ. ಆಟ ಕಟ್ಟುವವರು ಕಟ್ಟಲಿ, ತೀರ್ಪು ಹೊರಗಿನವರು ಕೊಡಲಿ.

ಈಗ ಅಜ್ಜನ ಪೆನ್ಸಿಲ್ಲಿಗೆ ನಿಜವಾದ ಕೆಲಸ ಕೊಡುವ ವಿಷಯಕ್ಕೆ ಬರುತ್ತೇನೆ. ಸರಾಸರಿ. ಪ್ರತಿ ಸವಾರನ ಅಂಕ ಮತ್ತು ಬೋನಸ್ ಕೂಡಿಸಿ, ಅವನು ಓಡಿಸಿದ ರೇಸ್‌ಗಳಿಂದ ಭಾಗಿಸಿ, ನಾಲ್ಕರಿಂದ ಗುಣಿಸುತ್ತಾರೆ. 20 ರೇಸಿನಲ್ಲಿ 40 ಅಂಕ, 4 ಬೋನಸ್ ಬಂದರೆ ಸರಾಸರಿ 8.80. ಮುಂದಿನ ವರ್ಷ ತಂಡ ಕಟ್ಟುವಾಗ ಏಳೂ ಜನರ ಸರಾಸರಿಯ ಮೊತ್ತ ಸಭೆ ಹಾಕಿದ ಮಿತಿಯನ್ನು ದಾಟುವ ಹಾಗಿಲ್ಲ. ಲೆಕ್ಕಕ್ಕೆ ಮಿತಿ 40 ಅಂದುಕೊಳ್ಳಿ. ನೀವು 39.80ರ ತಂಡ ಕಟ್ಟಿದಿರಿ. ಹುಡುಗರು ಚೆನ್ನಾಗಿ ಓಡಿಸಿದರು, ಕಪ್ ಗೆದ್ದಿರಿ. ಸೀಸನ್ ಕೊನೆಗೆ ಅದೇ ಏಳು ಜನರ ಮೊತ್ತ 45 ಆಗಿರುತ್ತದೆ. ಈಗ ಯಾರನ್ನೋ ಬಿಡಲೇಬೇಕು. ಗೆದ್ದಿದ್ದಕ್ಕೇ ತಂಡ ಒಡೆಯುತ್ತದೆ!

ಇದನ್ನು ಮೊದಲು ಕೇಳಿದಾಗ ನನಗೆ ಅನ್ಯಾಯ ಅನ್ನಿಸಿತ್ತು. ಒಬ್ಬ ಹುಡುಗನನ್ನು ಮೂರು ವರ್ಷ ಬೆಳೆಸಿ, ಅವನು ಬೆಳೆದ ತಪ್ಪಿಗೆ ಬೇರೆ ಊರಿಗೆ ಕಳಿಸುವುದು ಯಾವ ನ್ಯಾಯ, ಅಲ್ವಾ? ಅಜ್ಜ ವಾದ ಮಾಡಲಿಲ್ಲ. ಈ ಮಿತಿ ಇಲ್ಲದಿದ್ದರೆ ದುಡ್ಡಿರುವ ಎರಡು ಕ್ಲಬ್ಬು ಎಲ್ಲರನ್ನೂ ಕೊಂಡುಬಿಡುತ್ತಿದ್ದವು, ಉಳಿದವು ಮುಚ್ಚುತ್ತಿದ್ದವು, ಆಮೇಲೆ ಆ ಎರಡು ಯಾರ ಜೊತೆ ಓಡಿಸಬೇಕು ಅಂತ ಕೇಳಿದರು. ಈಗ ನನಗೂ ಹಾಗೇ ಅನ್ನಿಸುತ್ತದೆ. ಆದರೆ ಮನಸ್ಸಿಗೆ ಹತ್ತಿರವಾದ ಸವಾರ ಮುಂದಿನ ವರ್ಷ ಕಿಂಗ್ಸ್ ಲಿನ್ ಬಣ್ಣ ಹಾಕಿಕೊಂಡು ನಮ್ಮ ಟ್ರ್ಯಾಕಿಗೆ ಬಂದರೆ ಹೊಟ್ಟೆಯಲ್ಲಿ ಸಂಕಟ ಆಗದೇ ಇರುವುದಿಲ್ಲ. ಅದು ಪಕ್ಕದ ಕೌಂಟಿಯ ತಂಡ, ಹಳೆಯ ಪೈಪೋಟಿ.

ಎರವಲು ಪದ್ಧತಿ ಇನ್ನೂ ವಿಶೇಷ. ಇಲ್ಲಿ ಸವಾರರಿಗೆ ಪೆಟ್ಟಾಗುವುದು ಸಾಮಾನ್ಯ. ಕಾಲರ್ ಬೋನ್ ಮುರಿದವರು ಪ್ರತಿ ತಿಂಗಳೂ ಸಿಗುತ್ತಾರೆ. ತಂಡದ ಮುಖ್ಯ ಸವಾರ ಬಿದ್ದರೆ, ನಿಯಮ ಒಪ್ಪಿದರೆ, ಬೇರೆ ಕ್ಲಬ್ಬಿನಿಂದ ಅಷ್ಟೇ ಅಥವಾ ಕಡಿಮೆ ಸರಾಸರಿಯ ಒಬ್ಬನನ್ನು ಒಂದು ರಾತ್ರಿಗೆ ಕರೆಸಬಹುದು. ಅವನಿಗೆ 'ಗೆಸ್ಟ್' ಅನ್ನುತ್ತಾರೆ. ಹೋದ ವಾರ ನಮ್ಮನ್ನು ಸೋಲಿಸಿದವನು ಈ ವಾರ ನಮ್ಮ ಬಣ್ಣ ಹಾಕಿ ನಮಗೇ 11 ಅಂಕ ತಂದುಕೊಡುತ್ತಾನೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಇದರಿಂದ ಆಟದ ಬೆಲೆ ಕಡಿಮೆಯಾಗುತ್ತದೆ ಅನ್ನುವವರು ಬಹಳ ಇದ್ದಾರೆ. ಹೊಸಬರಿಗೆ ವಿವರಿಸುವುದೂ ಕಷ್ಟ. ಆದರೆ ಆರು ಜನರ ಕುಂಟು ತಂಡವನ್ನು ನೋಡಲು ಟಿಕೆಟ್ ಕೊಡುವವರು ಯಾರು? ಪಂದ್ಯ ನಡೆಯಲಿ ಅಂತ ಎದುರಾಳಿಯೇ ಆಳು ಕೊಡುವ ಪದ್ಧತಿ ಬೇರೆ ಯಾವ ಆಟದಲ್ಲೂ ನಾನು ಕಂಡಿಲ್ಲ.

ಸವಾರರ ಸ್ಥಿತಿಯನ್ನೂ ಹೇಳಬೇಕು. ಅವರು ಕ್ಲಬ್ಬಿನ ನೌಕರರಲ್ಲ, ಸ್ವಂತ ದುಡಿಮೆಯವರು. ಬೈಕು, ಎಂಜಿನ್, ವ್ಯಾನು, ಮೆಕ್ಯಾನಿಕ್ ಎಲ್ಲ ಅವರ ಖರ್ಚು. ಕ್ಲಬ್ಬು ಮುಖ್ಯವಾಗಿ ಗಳಿಸಿದ ಅಂಕದ ಲೆಕ್ಕದಲ್ಲಿ ಹಣ ಕೊಡುತ್ತದೆ. ಬಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಸಂಪಾದನೆ ಇಲ್ಲ. ಹಾಗಾಗಿ ಒಳ್ಳೆಯ ಸವಾರರು ಒಂದೇ ದೇಶದಲ್ಲಿ ಕೂರುವುದಿಲ್ಲ. ದೊಡ್ಡ ದುಡ್ಡು ಇರುವುದು ಪೋಲೆಂಡಿನ ಎಕ್ಸ್‌ಟ್ರಾಲೀಗಾದಲ್ಲಿ. ಸ್ವೀಡನ್ನಿನಲ್ಲಿ ಇನ್ನೊಂದು ಲೀಗ್. ಒಂದೇ ವಾರದಲ್ಲಿ ಮೂರು ದೇಶದಲ್ಲಿ ಓಡಿಸಿ ವಿಮಾನದಲ್ಲೇ ನಿದ್ದೆ ಮಾಡುವವರಿದ್ದಾರೆ. 2017ರ ವಿಶ್ವ ಚಾಂಪಿಯನ್, ಆಸ್ಟ್ರೇಲಿಯಾದ ಜೇಸನ್ ಡಾಯ್ಲ್ ನಮ್ಮ ಫಾಕ್ಸ್‌ಹಾಲ್‌ನಲ್ಲಿ ಓಡಿಸುವುದನ್ನು ಬೇಲಿಯ ಪಕ್ಕ ನಿಂತು ನೋಡಿದ್ದೇನೆ. ಅಷ್ಟು ಹತ್ತಿರ. ಪುಡಿಗಲ್ಲು ಮುಖಕ್ಕೆ ಸಿಡಿಯುತ್ತದೆ. ಪೆಟ್ಟಾಗಿ ಕೂತವರಿಗೆ ನೆರವಾಗಲು ಸವಾರರ ಒಂದು ಬೆನೆವೊಲೆಂಟ್ ಫಂಡ್ ಇದೆ. ಅದಕ್ಕೆ ಹಣ ಕೂಡಿಸಲು ಮೈದಾನದಲ್ಲಿ ಬಕೆಟ್ ಹಿಡಿದು ಬರುತ್ತಾರೆ. ನಾನು ಆ ಬಕೆಟ್ ಯಾವತ್ತೂ ಸುಮ್ನೆ ದಾಟಲು ಬಿಡುವುದಿಲ್ಲ.

ಈ ಕೂಟದವರು ಯಾವಾಗಲೂ ಹೊಂದಿಕೊಂಡೇ ಇದ್ದರು ಅಂತಲ್ಲ. ಅಜ್ಜ 1964ರ ಕಥೆಯನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ. ಆಗ ಮೇಲಿನ ನ್ಯಾಷನಲ್ ಲೀಗಿನಲ್ಲಿ ತಂಡಗಳು ಕಡಿಮೆಯಾಗುತ್ತಿದ್ದವು. ಕೆಳಗಿನ ಪ್ರೊವಿನ್ಷಿಯಲ್ ಲೀಗ್ ಗೆದ್ದಿದ್ದ ವುಲ್ವರ್‌ಹ್ಯಾಂಪ್ಟನ್‌ಗೆ ಮೇಲಕ್ಕೆ ಬಾ ಅಂತ ಕಂಟ್ರೋಲ್ ಬೋರ್ಡ್, ಅಂದರೆ ಈಗಿನ ಬ್ಯೂರೋದ ಹಿಂದಿನ ರೂಪ, ಆಜ್ಞೆ ಮಾಡಿತು. ಅವರು ಒಪ್ಪಲಿಲ್ಲ. ಇಡೀ ಪ್ರೊವಿನ್ಷಿಯಲ್ ಲೀಗ್ ಅವರ ಜೊತೆ ನಿಂತಿತು. ಆ ವರ್ಷ ಅವರು ಲೈಸೆನ್ಸ್ ಇಲ್ಲದೆ, ಬೋರ್ಡಿನ ಹೊರಗೇ ರೇಸ್ ನಡೆಸಿದರು. ಕೊನೆಗೆ ಹಿರಿಯ ವಕೀಲ ಲಾರ್ಡ್ ಶಾಕ್ರಾಸ್ ಕೈಗೆ ವಿಚಾರಣೆ ಹೋಯಿತು. 1965ರಲ್ಲಿ ಎರಡು ಕಡೆಯವರೂ ಕೂಡಿ 18 ತಂಡಗಳ ಬ್ರಿಟಿಷ್ ಲೀಗ್ ಕಟ್ಟಿದರು. ಕ್ಲಬ್ಬುಗಳು ತಾವೇ ಆಟ ನಡೆಸುವ ಈಗಿನ ಪದ್ಧತಿಯ ಬೇರು ಆ ಜಗಳದಲ್ಲಿದೆ.

ಆ ಜಗಳದ ಒಂದು ಗುರುತು ಇವತ್ತಿಗೂ ಕಾಣುತ್ತದೆ. ಕೆಳಗಿನ ಲೀಗ್ ಗೆದ್ದವರು ಮೇಲಕ್ಕೆ ಹೋಗಲೇಬೇಕು ಅಂತ ಇಲ್ಲ. ಯಾವ ಲೀಗ್ ಅನ್ನುವುದನ್ನು ಜಾಸ್ತಿ ತೀರ್ಮಾನಿಸುವುದು ಜೇಬು. ಪೂಲ್ ಅನ್ನುವ ಊರಿನದು 2018ರಲ್ಲಿ ಮೇಲಿನ ಲೀಗಾದ ಪ್ರೀಮಿಯರ್‌ಶಿಪ್ ಗೆದ್ದ ತಂಡ. ಎರಡೇ ವರ್ಷಕ್ಕೆ ತಾನಾಗಿಯೇ ಎರಡನೇ ಹಂತದ ಚಾಂಪಿಯನ್‌ಶಿಪ್‌ಗೆ ಇಳಿಯಿತು. ನಮ್ಮ ಇಪ್ಸ್‌ವಿಚ್ ಕೂಡ 2011ರಲ್ಲಿ ಕೆಳಗೆ ಹೋಗಿ 2019ರಲ್ಲಿ ವಾಪಸ್ ಬಂತು. 2024ರಲ್ಲಿ ಮೇಲಿನ ಲೀಗಿನಲ್ಲಿ ಇದ್ದದ್ದು ಏಳೇ ತಂಡ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಮೈದಾನದ ವಿಷಯ. ಕ್ಲಬ್ಬುಗಳು ತಮ್ಮ ನಿಯಮ ತಾವು ಬರೆಯಬಹುದು, ಆದರೆ ಕಾಲ ಕೆಳಗಿನ ನೆಲ ಬಹಳ ಕಡೆ ಅವರದಲ್ಲ. ನಾಯಿ ರೇಸಿನ ಸ್ಟೇಡಿಯಂ, ಸ್ಟಾಕ್ ಕಾರ್ ಟ್ರ್ಯಾಕ್, ಬಾಡಿಗೆ ಜಾಗ. ಫಾಕ್ಸ್‌ಹಾಲ್‌ನಲ್ಲೂ ನಮ್ಮ ಟ್ರ್ಯಾಕನ್ನು ಸುತ್ತಿಕೊಂಡು ಕಾರ್ ರೇಸಿನ ಡಾಂಬರು ದಾರಿ ಇದೆ. ಕವೆಂಟ್ರಿಯ ಬ್ರ್ಯಾಂಡನ್ ಮೈದಾನದಲ್ಲಿ 1928ರಲ್ಲೇ ಸ್ಪೀಡ್‌ವೇ ಶುರುವಾಗಿತ್ತು. 2016ರ ನಂತರ ಅಲ್ಲಿ ಒಂದು ರೇಸೂ ನಡೆದಿಲ್ಲ. 2023ರ ಕೊನೆಗೆ ವುಲ್ವರ್‌ಹ್ಯಾಂಪ್ಟನ್, ಪೀಟರ್‌ಬರೋ ಎರಡೂ ಜಾಗ ಕಳೆದುಕೊಂಡವು. 1964ರಲ್ಲಿ ಬೋರ್ಡಿಗೇ ಸಡ್ಡು ಹೊಡೆದ ವುಲ್ವರ್‌ಹ್ಯಾಂಪ್ಟನ್ ಅದು! ಅಲ್ಲಿನ ಕೊನೆಯ ರಾತ್ರಿಗಳಲ್ಲಿ ಜನ ಗೇಟು ಮುಚ್ಚಿದ ಮೇಲೂ ಹೊರಗೆ ನಿಂತಿದ್ದರು ಅಂತ ಹೋಗಿದ್ದವರು ಹೇಳಿದರು. ನನಗೆ ಹೋಗಲಾಗಲಿಲ್ಲ, ಈಗಲೂ ಬೇಜಾರಿದೆ.

ಮತ್ತೆ ಬಂದವರೂ ಇದ್ದಾರೆ. ಲೆಸ್ಟರ್ ತಂಡ 1983ರಲ್ಲಿ ಮೈದಾನ ಕಳೆದುಕೊಂಡು, 2011ರಲ್ಲಿ ಬೋಮಾಂಟ್ ಪಾರ್ಕಿನಲ್ಲಿ ಹೊಸ ಟ್ರ್ಯಾಕ್ ಕಟ್ಟಿಕೊಂಡು ವಾಪಸ್ ಬಂತು. 28 ವರ್ಷ. ಆಕ್ಸ್‌ಫರ್ಡ್‌ನಲ್ಲಿ 2022ರಲ್ಲಿ ಮತ್ತೆ ಬೈಕಿನ ಸದ್ದು ಕೇಳಿತು. ಮ್ಯಾಂಚೆಸ್ಟರ್‌ನಲ್ಲಿ 2016ರಲ್ಲಿ ಈ ಆಟಕ್ಕೆಂದೇ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ ತೆರೆದರು. 2021ರಲ್ಲೂ 2024ರಲ್ಲೂ ಬ್ರಿಟನ್ ತಂಡ ದೇಶಗಳ ನಡುವಿನ ಸ್ಪರ್ಧೆಯಾದ ಸ್ಪೀಡ್‌ವೇ ಆಫ್ ನೇಷನ್ಸ್ ಗೆದ್ದದ್ದು ಅಲ್ಲಿಯೇ.

ಕಾಗದದ ಮೇಲಿನ ನಿಯಮ ಇಷ್ಟಾದರೆ, ರಾತ್ರಿಯ ಕೆಲಸ ನಡೆಯುವುದು ಬೇರೆಯವರಿಂದ. ಎರಡು ಹೀಟಿನ ನಡುವೆ ಸಲಿಕೆ, ಕುಂಟೆ ಹಿಡಿದು ತಿರುವಿನ ಗುಂಡಿ ಮುಚ್ಚುವವರು. ಟ್ರ್ಯಾಕ್ಟರ್ ಓಡಿಸುವವರು, ನೀರು ಹಾಯಿಸುವವರು. ಟೇಪಿನ ಹತ್ತಿರ ನಿಲ್ಲುವ ಸ್ಟಾರ್ಟ್ ಮಾರ್ಷಲ್. ಬೈಕು ಪರೀಕ್ಷಿಸುವವರು. ಬಾವುಟ ಹಿಡಿಯುವವರು. ವೈದ್ಯಕೀಯ ತಂಡ ಮತ್ತು ಆಂಬ್ಯುಲೆನ್ಸ್ ಇಲ್ಲದೆ ಒಂದು ಹೀಟೂ ನಡೆಯುವುದಿಲ್ಲ. ಹೆಚ್ಚಿನವರಿಗೆ ಹಗಲು ಬೇರೆ ಉದ್ಯೋಗ. ಕಳೆದ ಸೀಸನ್ನಿನಲ್ಲಿ ನಾನೂ ಕೆಲವು ಗುರುವಾರ ಕುಂಟೆ ಹಿಡಿದೆ. ಒದ್ದೆ ಪುಡಿಗಲ್ಲು ಎಷ್ಟು ಭಾರ ಅಂತ ಅವತ್ತು ಗೊತ್ತಾಯಿತು. ಮೂರನೇ ತಿರುವಿನಲ್ಲಿ ನಾನು ಸಮ ಮಾಡಿದ ಜಾಗದ ಮೇಲೆ ಒಬ್ಬ ಸವಾರ ಪೂರ್ತಿ ವೇಗದಲ್ಲಿ ಜಾರಿಸಿಕೊಂಡು ಹೋದಾಗ ನನ್ನ ಉಸಿರು ನಿಂತಿತ್ತು. ಬೈಕು ನೇರ ಹೋಯಿತು. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು.

ಈಗ ನವೆಂಬರ್. ಟ್ರ್ಯಾಕ್ ಖಾಲಿ. ಅಜ್ಜನ ಅಡುಗೆಮನೆಯ ಮೇಜಿನ ಮೇಲೆ ಸರಾಸರಿಗಳ ಪಟ್ಟಿ ಹರಡಿದೆ. ಇಬ್ಬರೂ ಕೂಡಿಸುತ್ತಿದ್ದೇವೆ, ಮಿತಿ ದಾಟುತ್ತಲೇ ಇದೆ. ನಾನು ಒಬ್ಬ ಹುಡುಗನನ್ನು ಬಿಡಲು ಒಪ್ಪುತ್ತಿಲ್ಲ, ಅವರು ಇನ್ನೊಬ್ಬನನ್ನು. ಸೀಸನ್ ಮಾರ್ಚ್ ಕೊನೆಯ ಹೊತ್ತಿಗೆ ಶುರುವಾಗಿ ಅಕ್ಟೋಬರ್‌ವರೆಗೆ ಇರುತ್ತದೆ. ಆಗ ಯಾರಾದರೂ ಈ ಕಡೆ ಬಂದರೆ ಗುರುವಾರ ಬಿಡುವು ಮಾಡಿಕೊಳ್ಳಿ. ಹಳೆ ಬಟ್ಟೆ ಹಾಕಿಕೊಂಡು ಬನ್ನಿ, ಪುಡಿಗಲ್ಲಿನ ಕಲೆ ಹೋಗುವುದಿಲ್ಲ. ಪೆನ್ಸಿಲ್ ನಾನು ತರುತ್ತೇನೆ.