ಠಾಣೆಯ ಬೆಂಚಿನ ಮೇಲೆ ಕಲಿತ ಪಾಠ

ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರದಲ್ಲಿ ಇರೋದು ಬರೀ ಹೆಣ, ರಕ್ತದ ಕಲೆ, ಬೆರಳಚ್ಚು ಅಂದುಕೊಂಡು ಮದ್ದೂರಿನಿಂದ ಮೈಸೂರಿಗೆ ರೈಲು ಹತ್ತಿದವನು ನಾನು. ಮೊದಲ ವರ್ಷವೇ ನಮ್ಮ ಮೇಷ್ಟ್ರು ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಅನುಮತಿ ಪತ್ರವನ್ನೂ ತಾವೇ ಮಾಡಿಸಿ, ಠಾಣೆಗೆ ಕಳಿಸಿಬಿಟ್ಟರು. "ಬೆಂಚಿನ ಮೇಲೆ ಸುಮ್ನೆ ಕೂತ್ಕೊಳ್ಳಿ. ಎಷ್ಟು ಜನ ಬಂದ್ರು, ಎಷ್ಟು ಜನರ ದೂರು ಬರ್ಕೊಂಡ್ರು, ಅಷ್ಟನ್ನೇ ಬರೀರಿ."

ನನಗೆ ಸಿಕ್ಕಿದ್ದು ಮಂಡ್ಯ ಕಡೆಯ ಒಂದು ಠಾಣೆ. ಎರಡನೇ ದಿನ ಒಬ್ಬರು ಯಜಮಾನರು ಬಂದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಪ್ಲಾಸ್ಟಿಕ್ ಕವರ್. ಕವರಿನೊಳಗೆ ಗೇಣುದ್ದದ ಕೇಬಲ್ ತುಂಡು.

"ಪಂಪ್‌ಸೆಟ್ಟಿನ ವೈರು ಕತ್ತರಿಸ್ಕೊಂಡು ಹೋಗವ್ರೆ ಸಾ. ಕಬ್ಬು ಒಣಗ್ತಾ ಅದೆ."

"ಯಾರ ಮೇಲೆ ಅನುಮಾನ?"

"ಯಾರ ಮೇಲೆ ಅಂತ ಏಳ್ಲಿ ಸಾ?"

"ಹಂಗಾದ್ರೆ ಗೊತ್ತಾದ್ಮೇಲೆ ಬನ್ನಿ."

ಅವರು ನನ್ನ ಪಕ್ಕದಲ್ಲೇ ತುಂಬಾ ಹೊತ್ತು ಕೂತಿದ್ದರು. ಮಧ್ಯಾಹ್ನ ಕವರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು. 'ಬಂದವರು' ಕಾಲಮ್ಮಿನಲ್ಲಿ ಒಂದು ಗೆರೆ ಎಳೆದೆ. 'ಬರೆದುಕೊಂಡದ್ದು' ಖಾಲಿ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಮೇಷ್ಟ್ರು ನನ್ನ ನೋಟ್‌ಬುಕ್ ಓದಿದರು. ದೇಶದ ಅಪರಾಧದ ಅಂಕಿಗಳ ಪುಸ್ತಕ 1953ರಿಂದ ವರ್ಷಾವರ್ಷ ಬರುತ್ತಿದೆ. ಅದು ಎಣಿಸೋದು ಠಾಣೆಯಲ್ಲಿ ಬರೆದುಕೊಂಡ ಕೇಸುಗಳನ್ನಷ್ಟೇ. "ಅದರಲ್ಲಿ ಈ ಯಜಮಾನ್ರು ಇಲ್ಲ ನೋಡು" ಅಂದರು. ಒಂದೇ ಕೇಸಿನಲ್ಲಿ ಕಳ್ಳತನದ ಜೊತೆ ಕೊಲೆಯೂ ಆಗಿದ್ದರೆ ಆ ಪುಸ್ತಕ ಕೊಲೆಯನ್ನಷ್ಟೇ ಎಣಿಸುತ್ತದೆ ಅಂತಲೂ ಅವತ್ತೇ ಹೇಳಿಕೊಟ್ಟರು. ಅಪರಾಧ ಕಡಿಮೆಯಾಯಿತು ಅಂತ ಯಾರಾದರೂ ಹೇಳಿದರೆ, ದೂರು ಬರೆದುಕೊಳ್ಳೋದು ಕಡಿಮೆಯಾಯಿತಾ ಅಂತ ಮೊದಲು ಕೇಳಬೇಕು. ನಾನು ಅವರಿಂದ ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಹಾಗಂತ ಅವರು ಪೊಲೀಸರನ್ನು ಬೈಯುತ್ತಿರಲಿಲ್ಲ. ಎಷ್ಟೋ ವರ್ಷ ಠಾಣೆಗಳಲ್ಲೇ ಕೂತು ಪಿಎಚ್‌ಡಿ ಮಾಡಿದವರು. ದಸರಾ ಬಂದೋಬಸ್ತಿನಲ್ಲಿ ಪೇದೆಗಳು ಎಷ್ಟು ಗಂಟೆ ನಿಂತಿರುತ್ತಾರೆ ಅಂತಲೂ ನಮ್ಮಿಂದ ಬರೆಸಿದ್ದರು. ಕೇಸು ಜಾಸ್ತಿಯಾದರೆ ಕ್ರೈಂ ಮೀಟಿಂಗಿನಲ್ಲಿ ಇನ್ಸ್‌ಪೆಕ್ಟರಿಗೆ ಬೈಗುಳ. ಹಾಗಿರುವಾಗ ಠಾಣೆಯ ರೈಟರ್ ಪೆನ್ನು ಎತ್ತುತ್ತಾನಾ? ಮೈಸೂರಿನ ಪೊಲೀಸ್ ಅಕಾಡೆಮಿಗೆ ಪಾಠಕ್ಕೆ ಹೋದಾಗ ಹೊಸ ಪಿಎಸ್‌ಐಗಳಿಗೂ ಇದನ್ನೇ ಹೇಳುತ್ತಿದ್ದರು.

ಬೆರಳಚ್ಚಿನ ಪಾಠದಲ್ಲೂ ಅವರು ಲೆಕ್ಕದಿಂದ ಬಿಟ್ಟುಹೋದವರನ್ನೇ ತೋರಿಸಿದರು. ಕಲ್ಕತ್ತಾದಲ್ಲಿ 1897ರಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಲೆಕ್ಕ ಕಟ್ಟುವುದರಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಪದ್ಧತಿಗೆ ಹೆಸರು ಬಿದ್ದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಹಕ್, ಬೋಸ್ ಅನ್ನುವ ಎರಡು ಹೆಸರನ್ನು ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಗಂಟೆ ಹೊಡೆದ ಮೇಲೂ ಅಳಿಸಲಿಲ್ಲ.

2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕಳ್ಳತನದಂಥ ಸಂಜ್ಞೇಯ ಅಪರಾಧದ, ಅಂದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಶುರು ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಬರೆಯಲೇಬೇಕು ಅಂತ. ಅಷ್ಟು ಹೊತ್ತಿಗೆ ಮೇಷ್ಟ್ರು ನಿವೃತ್ತರಾಗಿದ್ದರು, ನಾನೂ ಇದೇ ವಿಷಯದ ಪಾಠ ಮಾಡುತ್ತಿದ್ದೆ. ಸಂಜೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಆ ಕೇಬಲ್ ಯಜಮಾನ್ರು ಇದ್ದಾರೇನೋ? ಹೋಗಿ ಹೇಳಿ ಬಾರೋ."

ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಟವೆಲ್, ಕವರ್, ಗೇಣುದ್ದದ ಕೇಬಲ್, ಒಣಗುತ್ತಿದ್ದ ಕಬ್ಬು, ಎಲ್ಲಾ ಇತ್ತು. ಅವರ ಊರು ಯಾವುದು ಅಂತ ನಾನು ಬರೆದುಕೊಂಡಿರಲಿಲ್ಲ. ಈಗ ನನ್ನ ವಿದ್ಯಾರ್ಥಿಗಳ ನೋಟ್‌ಬುಕ್ಕಿನಲ್ಲಿ ಮೂರನೇ ಕಾಲಮ್ ಒಂದಿದೆ: 'ಯಾವ ಊರು'.